ಎರೆಭೂಮಿಯ ಹೂಗಿಡ ಹಳದಿಯಾದರೆ ಏನು ಮಾಡಬೇಕು?



ಊಟಿಗೆ ಹೋದವರು ಅಲ್ಲಿನ ಅಜೇಲಿಯಾ ಗಿಡದ ಚೆಲುವಿಗೆ ಮರುಳಾಗಿ ಒಂದೆರಡು ಸಸಿ ತಂದು ಮನೆಯ ಮುಂದೆ ನೆಡುವುದುಂಟು. ಗೊರೇಬಾಳದ ಕಡೆಯ ಎರೆಭೂಮಿಯಲ್ಲಿ ಅದು ಬೇರೂರುವುದಿಲ್ಲ. ಎಲೆ ಹಳದಿಯಾಗಿ, ಅಂಚು ಸುಟ್ಟು, ಬೇಸಿಗೆಗೆ ಮೊದಲೇ ಒಣಗುತ್ತದೆ. ಅದು ತಂಪು ಹವೆಯ, ಹುಳಿ ಮಣ್ಣಿನ ಗಿಡ. ರಸಸಾರ 4.5 ರಿಂದ 6 ಇರುವ ಮಣ್ಣು ಅದಕ್ಕೆ ಹಿತ. ನಮ್ಮ ಎರೆಮಣ್ಣಿನ ರಸಸಾರ ಸಾಮಾನ್ಯವಾಗಿ 8 ಅಥವಾ ಅದಕ್ಕೂ ಮೇಲು. ಆಸೆ ಬಿಡಲಾಗದಿದ್ದರೆ ಕುಂಡದಲ್ಲಿ ಬೇರೆ ಮಣ್ಣು ತುಂಬಿ ನೆರಳಿನಲ್ಲಿಟ್ಟು ನೋಡಬಹುದು, ಹೊಲಕ್ಕೆ ಬೇಡ.

ಆದರೆ ಅಜೇಲಿಯಾವನ್ನು ಕೊಲ್ಲುವ ಅದೇ ದೋಷ ನಮ್ಮ ಮಲ್ಲಿಗೆ, ಗುಲಾಬಿ, ದಾಸವಾಳಗಳನ್ನೂ ಕಾಡುತ್ತದೆ. ಭತ್ತದ ಗದ್ದೆಯ ಮಗ್ಗುಲಲ್ಲಿ ನೀವು ನಾಲ್ಕು ಸಾಲು ಮಲ್ಲಿಗೆ ಹಾಕಿದ್ದೀರಿ ಎನ್ನಿ. ನೆಟ್ಟ ಮೇಲೆ ವರ್ಷಗಟ್ಟಲೆ ಹೂ ಕೊಡಬೇಕಾದ ಗಿಡ ಅದು. ಎಲೆ ಹಳದಿಯಾದೊಡನೆ ನಮ್ಮ ಕೈ ಯೂರಿಯಾ ಚೀಲಕ್ಕೆ ಹೋಗುತ್ತದೆ, ಇನ್ನೊಂದು ಕೈ ನೀರಿನ ಬಾಯಿಗೆ ಹೋಗುತ್ತದೆ. ಬಹಳ ಸಲ ಇವೆರಡೂ ರೋಗವನ್ನು ಹೆಚ್ಚಿಸುತ್ತವೆ. ಮೊದಲು ಯಾವ ಎಲೆ, ಹೇಗೆ ಹಳದಿಯಾಗಿದೆ ಎಂಬುದನ್ನು ನೋಡಿರಿ.

ತುದಿಯ ಎಲೆ ಹಳದಿ, ನರ ಮಾತ್ರ ಹಸಿರು

ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಸುಣ್ಣ ಹೆಚ್ಚಾಗಿ ಅದು ಬೇರಿಗೆ ದಕ್ಕುವುದಿಲ್ಲ. ಮಣ್ಣಿನಲ್ಲಿ ಬಿಳಿಯ ಸುಣ್ಣದ ಹರಳು ಕಂಡರೆ ಒಂದನ್ನು ಪುಡಿ ಮಾಡಿ ನಿಂಬೆರಸ ಹಿಂಡಿರಿ. ನೊರೆ ಎದ್ದರೆ ಸುಣ್ಣ ಇದೆಯೆಂದೇ ಅರ್ಥ. ಇಂಥಲ್ಲಿ ಯೂರಿಯಾ ಹಾಕಿದರೆ ಹೊಸ ಚಿಗುರು ಬಂದು ಅದೂ ಬಿಳಿಚಿಕೊಳ್ಳುತ್ತದೆ. ಡಿ.ಎ.ಪಿ. ಅತಿಯಾದರೂ, ನೆಲ ಸದಾ ಹಸಿಯಿದ್ದರೂ ಕೊರತೆ ಹೆಚ್ಚುತ್ತದೆ.

ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆ ತೋಯುವಂತೆ ಸಿಂಪಡಿಸಬೇಕು. 15 ಲೀಟರಿನ ಪಂಪಿಗೆ 75 ಗ್ರಾಂ ಅನ್ನಭೇದಿ, 15 ಗ್ರಾಂ ಸಿಟ್ರಿಕ್ ಆಮ್ಲ ಸಾಕು. ಹರಳು ತಿಳಿಹಸಿರಾಗಿರಬೇಕು, ಕಂದು ಬಣ್ಣಕ್ಕೆ ತಿರುಗಿದ್ದನ್ನು ಕೊಳ್ಳಬೇಡಿ. ಎಲೆ ಹಸಿರಾಗುವವರೆಗೆ ತಿಂಗಳಿಗೊಮ್ಮೆ ಮುಂದುವರಿಸಿರಿ. ಅನ್ನಭೇದಿಯನ್ನು ಬರಿದೇ ಮಣ್ಣಿಗೆ ಸುರಿದರೆ ಸುಣ್ಣ ಅದನ್ನೂ ಕಟ್ಟಿಹಾಕುತ್ತದೆ, ಹಣ ದಂಡ.

ಬುಡದ ಹಳೆಯ ಎಲೆ ಇಡಿಯಾಗಿ ಹಳದಿ

ನರವೂ ಸೇರಿ ಎಲೆಯೆಲ್ಲ ಒಂದೇ ಸಮ ಹಳದಿಯಾಗಿ, ಅದು ಬುಡದಿಂದ ಮೇಲಕ್ಕೆ ಹಬ್ಬಿದರೆ ಸಾರಜನಕದ ಕೊರತೆ. ಯೂರಿಯಾ ಬೇಕಾಗುವುದು ಇಲ್ಲಿ ಮಾತ್ರ. ಒಂದೇ ಸಲ ಸುರಿಯದೆ ಕಂತಿನಲ್ಲಿ ಕೊಡಿರಿ. ವರ್ಷಕ್ಕೆ ಗಿಡವೊಂದಕ್ಕೆ 10 ಕಿಲೋ ಕಳಿತ ತಿಪ್ಪೆಗೊಬ್ಬರವನ್ನಂತೂ ತಪ್ಪಿಸಬಾರದು.

ನೆಲ ಹಸಿಯಿದ್ದರೂ ಗಿಡ ಬಾಡುವುದು

ಬುಡದ ಮಣ್ಣು ಸ್ವಲ್ಪ ಬಿಡಿಸಿ ಬೇರು ನೋಡಿರಿ. ಬೇರು ಕಪ್ಪಾಗಿ ನಾರುತ್ತಿದ್ದರೆ ಗಿಡಕ್ಕೆ ಉಸಿರು ಕಟ್ಟಿದೆ. ಗದ್ದೆಯ ಬಸಿನೀರು ಹೂವಿನ ಮಡಿಗೆ ಇಳಿಯುತ್ತಿದೆಯೇ ನೋಡಿ, ನಡುವೆ ಒಂದು ಬಸಿಗಾಲುವೆ ತೋಡಿರಿ. ಹೊಸದಾಗಿ ನೆಡುವವರು ಏರುಮಡಿ ಮಾಡಿ, ಕುಣಿಗೆ ಮಸಾರಿ ಮಣ್ಣು ಮತ್ತು ತಿಪ್ಪೆಗೊಬ್ಬರ ತುಂಬಿ ನೆಡುವುದು ಲೇಸು. ನೀರು ಹಾಯಿಸುವ ಮೊದಲು ಬೆರಳುದ್ದ ಮಣ್ಣು ಕೆದಕಿರಿ, ತಂಪಿದ್ದರೆ ಅಂದು ನೀರು ಬೇಡ.

ಎಲೆಯಂಚು ಸುಟ್ಟಂತೆ, ನೆಲದ ಮೇಲೆ ಬಿಳಿಯ ಪುಡಿ

ಇದು ಸವಳು. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನಲ್ಲಿ ಅಂತರ್ಜಲ ಮೇಲೇರಿ, ಅದರೊಡನೆ ಉಪ್ಪೂ ಮೇಲೆ ಬಂದ ಹೊಲಗಳು ಎಷ್ಟೋ ಇವೆ. ಕಾಲುವೆ ನಿಂತ ತಿಂಗಳುಗಳಲ್ಲಿ ಉಪ್ಪುನೀರಿನ ಕೊಳವೆಬಾವಿಯನ್ನೇ ನೆಚ್ಚಿದರೆ ತೊಂದರೆ ಇಮ್ಮಡಿಯಾಗುತ್ತದೆ. ಬರಿಯ ಸವಳಿಗೆ ಜಿಪ್ಸಂ ಮದ್ದಲ್ಲ. ಸಿಹಿನೀರು ಹಾಯಿಸಿ, ಬಸಿಗಾಲುವೆಯಿಂದ ಹೊರಹಾಕಿ, ಉಪ್ಪನ್ನು ತೊಳೆಯಬೇಕು. ಮಣ್ಣು ಕರ್ಲು ಎಂದು ಪರೀಕ್ಷೆಯಲ್ಲಿ ತಿಳಿದರೆ ಮಾತ್ರ ಜಿಪ್ಸಂ ಬೇಕು, ಅದೂ ಅವರು ಹೇಳಿದಷ್ಟೇ. ಬುಡಕ್ಕೆ ಹುಲ್ಲು, ತರಗು ಹೊದಿಸಿದರೆ ನೀರು ಆರುವುದು ತಗ್ಗಿ ಉಪ್ಪು ಮೇಲೇರುವುದೂ ತಗ್ಗುತ್ತದೆ.

ಎಲೆಯ ಮೇಲೆ ಚುಕ್ಕಿ ಚುಕ್ಕಿ ಹಳದಿ

ಬಿಸಿಲುಗಾಲದಲ್ಲಿ ಹೀಗಾದರೆ ಎಲೆಯನ್ನು ಬಿಳಿ ಕಾಗದದ ಮೇಲೆ ಕೊಡವಿರಿ. ಸೂಜಿಮೊನೆಯಂಥ ಚುಕ್ಕಿಗಳು ಹರಿದಾಡಿದರೆ ನುಸಿಯ ಬಾಧೆ. ಎಲೆಯ ಅಡಿಗೆ ನೀರನ್ನು ರಭಸವಾಗಿ ಚಿಮ್ಮಿಸಿರಿ. ಕಡಿಮೆಯಾಗದಿದ್ದರೆ ಲೀಟರಿಗೆ 2 ಗ್ರಾಂ ನೀರಿನಲ್ಲಿ ಕರಗುವ ಗಂಧಕವನ್ನು ಸಂಜೆ ತಂಪಿನಲ್ಲಿ ಸಿಂಪಡಿಸಿರಿ. ಉರಿಬಿಸಿಲಲ್ಲಿ ಗಂಧಕ ಎಲೆಯನ್ನೇ ಸುಡುತ್ತದೆ.

ಮಣ್ಣು ಪರೀಕ್ಷೆ

ಒಂದೇ ಹೊಲದಲ್ಲಿ ಎರಡು ದೋಷ ಕೂಡಿರುವುದೂ ಉಂಟು. ಸವಳೂ ಜವಳೂ ಜೊತೆಯಾಗಿಯೇ ಬರುತ್ತವೆ. ಆದ್ದರಿಂದ ಹೊಸ ತೋಟಕ್ಕೆ ಕೈ ಹಾಕುವ ಮುನ್ನ ಹೊಲದ ಐದಾರು ಕಡೆಯ ಮಣ್ಣು ಬೆರೆಸಿ ಅರ್ಧ ಕಿಲೋ, ಜೊತೆಗೆ ಕೊಳವೆಬಾವಿಯ ನೀರು ಒಂದು ಬಾಟಲಿ ಪರೀಕ್ಷೆಗೆ ಕೊಡಿರಿ. ಸವಳು ಜವಳಿನ ವಿಚಾರಕ್ಕೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಹುಕಾಲದ ಅನುಭವವಿದೆ. ಅಲ್ಲಿಯಾಗಲಿ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಾಗಲಿ ವಿಚಾರಿಸಿರಿ.

ನಾಳೆ ಬೆಳಿಗ್ಗೆ ಹೂ ಬಿಡಿಸಲು ಹೋದಾಗ ಹಳದಿಯಾದ ಒಂದು ಗಿಡದ ಮುಂದೆ ಕುಳಿತು ತುದಿಯ ಎಲೆ, ಬುಡದ ಎಲೆ, ಎಲೆಯ ಅಡಿ, ಬೇರು, ಈ ನಾಲ್ಕನ್ನೂ ನೋಡಿರಿ. ಯೂರಿಯಾ ಚೀಲ ಬಿಚ್ಚುವ ಮಾತು ಆಮೇಲೆ.