ನೀರಿಲ್ಲದ ಜಲಪಾತ

ಊರಿಂದ ಬಂದಿದ್ದ ಅಪ್ಪನನ್ನು ಸಿಯಾಟಲ್‌ನಿಂದ ಮೂರು ತಾಸು ಡ್ರೈವ್ ಮಾಡಿ ಪೂರ್ವ ವಾಷಿಂಗ್ಟನ್ನಿನ ಡ್ರೈ ಫಾಲ್ಸ್‌ಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ಸಾಗರದವರು. ಕಂಬಿ ಹಿಡಿದು ಕೆಳಗೆ ನೋಡಿ, "ಜೋಗ ನೋಡಿದವನಿಗೆ ಇದೇನೋ ತೋರಿಸ್ತಿದೀಯ? ನೀರೆಲ್ಲಿ ಮಾರಾಯ?" ಅಂದರು.

ನಾನು ಓದಿದ್ದು ಇಂಜಿನಿಯರಿಂಗ್, ಭೂಗರ್ಭಶಾಸ್ತ್ರ ಅಲ್ಲ. ಆದರೂ ಹೋಗುವ ಮುಂಚೆ ಸ್ವಲ್ಪ ಓದಿಕೊಂಡಿದ್ದೆ.

ಈ ಬಂಡೆ 120 ಮೀಟರ್ ಎತ್ತರ, ಜೋಗದ ಅರ್ಧವೂ ಇಲ್ಲ. ಆದರೆ ಅಗಲ 5.5 ಕಿಲೋಮೀಟರ್! ಕಲ್ಲು ಸುಮಾರು 1 ಕೋಟಿ 60 ಲಕ್ಷ ವರ್ಷಗಳ ಹಿಂದೆ ಹರಿದ ಲಾವಾ. ನಮ್ಮ ಗೋಲಗುಮ್ಮಟ ಕಟ್ಟಿದ ಕಪ್ಪು ಕಲ್ಲೂ ಇದೇ ಜಾತಿಯದು, ವಯಸ್ಸಿನಲ್ಲಿ ಬಹಳ ಹಿರಿಯ ಅಷ್ಟೆ.

ನೀರಿನ ಕಥೆ ತೀರಾ ಈಚಿನದು, 18,000ದಿಂದ 15,000 ವರ್ಷಗಳ ಹಿಂದಿನದು. ಕೆನಡಾದಿಂದ ಇಳಿದ ಹಿಮರಾಶಿ ಇಡಾಹೊದಲ್ಲಿ ನದಿಗೆ ಅಡ್ಡಬಿದ್ದು, 600 ಮೀಟರ್ ಎತ್ತರದ ಮಂಜಿನ ಅಣೆಕಟ್ಟಾಯಿತು. ಹಿಂದೆ ನಿಂತ ನೀರು 2,000 ಘನ ಕಿಲೋಮೀಟರ್‌ಗೂ ಹೆಚ್ಚು, ಅಂದರೆ 450ಕ್ಕೂ ಹೆಚ್ಚು ಲಿಂಗನಮಕ್ಕಿಗಳು! ಮಂಜು ನೀರಿನಲ್ಲಿ ತೇಲುತ್ತದಲ್ಲ, ನೀರು ಏರಿದ ಹಾಗೆ ಕಟ್ಟೆ ಮೇಲೆದ್ದು ಒಡೆಯಿತು. ಕೆಲವೇ ದಿನಗಳಲ್ಲಿ ಸರೋವರ ಖಾಲಿ. ಮತ್ತೆ ಮಂಜು ಕಟ್ಟಿತು, ಮತ್ತೆ ಒಡೆಯಿತು, ಹೀಗೆ ಹತ್ತಾರು ಸಲ. ಕೊಲಂಬಿಯಾ ನದಿಯ ಕಣಿವೆಯನ್ನೂ ಇನ್ನೊಂದು ಕಡೆ ಮಂಜು ಮುಚ್ಚಿದ್ದರಿಂದ ಪ್ರವಾಹ ಈ ದಾರಿ ಹಿಡಿದು, ಬಿರುಕುಬಿಟ್ಟ ಲಾವಾ ಕಂಬಗಳನ್ನು ಕಿತ್ತುಕೊಂಡು ಹೋಯಿತು. ಮಂಜು ಕರಗಿದ ಮೇಲೆ ನದಿ ತನ್ನ ಹಳೇ ಪಾತ್ರಕ್ಕೆ ಮರಳಿತು, ಜಲಪಾತ ಬತ್ತಿತು.

ಇದೆಲ್ಲ ಮಹಾಪ್ರವಾಹದ ಕೆಲಸ ಎಂದು 1923ರಲ್ಲಿ ಬರೆದವರು ಜೆ. ಹಾರ್ಲೆನ್ ಬ್ರೆಟ್ಜ್. ಯಾರೂ ನಂಬಲಿಲ್ಲ. ಪ್ರಳಯದ ಕಥೆ ಅಂದುಕೊಂಡರು. ಅಷ್ಟು ನೀರು ಬಂದದ್ದೆಲ್ಲಿಂದ ಎಂಬುದಕ್ಕೆ ಅವರ ಬಳಿಯೂ ಉತ್ತರವಿರಲಿಲ್ಲ. ಸೀನಿಯರ್‌ಗಳು "ಹೀಗಾಗೋಕೆ ಸಾಧ್ಯವೇ ಇಲ್ಲ" ಅಂತ ನಮ್ಮ ಬಗ್ ರಿಪೋರ್ಟ್ ಕ್ಲೋಸ್ ಮಾಡ್ತಾರಲ್ಲ, ಹಾಗೆ! 1942ರಲ್ಲಿ ಜೋಸೆಫ್ ಪಾರ್ಡೀ ಮೊಂಟಾನಾದ ಆ ಸರೋವರದ ತಳದಲ್ಲಿ ಮರಳಿನ ಮೇಲಿನ ಅಲೆಗುರುತಿನಂಥದೇ ಗುರುತುಗಳನ್ನು ವರ್ಣಿಸಿದರು. ಒಂದೊಂದೂ ಗುಡ್ಡದಷ್ಟು. ಸರೋವರ ಒಮ್ಮೆಲೇ ಬರಿದಾಗಿತ್ತು ಎನ್ನಲು ಇನ್ನೇನು ಬೇಕು? ಬ್ರೆಟ್ಜ್‌ಗೆ ಪೆನ್‌ರೋಸ್ ಪದಕ ಬಂದದ್ದು ಮಾತ್ರ 1979ರಲ್ಲಿ, 95 ದಾಟಿದ ಮೇಲೆ.

ಅಪ್ಪ ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಲಿಂಗನಮಕ್ಕಿ ಕಟ್ಟಿದ ಮೇಲೆ ಬೇಸಿಗೇಲಿ ನಮ್ಮ ಜೋಗಾನೂ ಹೀಗೇ ಕಾಣ್ತದೆ ಮಾರಾಯ" ಅಂದರು.

ಅಂದ ಹಾಗೆ, ಬೇಸಿಗೆಯಲ್ಲಿ ಹೋಗುವವರು ಟೋಪಿ, ಕುಡಿಯುವ ನೀರು ಮರೆಯಬೇಡಿ. ಅಲ್ಲಿ ನೆರಳು ಕಡಿಮೆ.