ಬೆಕ್ಕಿಗೆ ಸಿಹಿಮೂತ್ರ ರೋಗ: ಮನೆಯಲ್ಲಿ ಆರೈಕೆಯ ಕ್ರಮ

ಕೃಷಿ ಪುಟದಲ್ಲಿ ದನ-ಎಮ್ಮೆಗಳ ಮಾತು ಬರುವಷ್ಟು ಬೆಕ್ಕಿನ ಮಾತು ಬರುವುದಿಲ್ಲ. ಆದರೆ ಅಟ್ಟದ ತೆಂಗಿನಕಾಯಿ, ಉಗ್ರಾಣದ ಅಕ್ಕಿ ಚೀಲ ಇವನ್ನು ಇಲಿಗಳಿಂದ ಕಾಯುವ ಪ್ರಾಣಿಯೂ ಒಕ್ಕಲು ಮನೆಗೆ ಸೇರಿದ್ದೇ ಅಲ್ಲವೆ? ಅದಕ್ಕೆ ಸಕ್ಕರೆ ಕಾಯಿಲೆ ಇದೆಯೆಂದು ಪಶುವೈದ್ಯರು ಹೇಳಿದಾಗ ನಕ್ಕು ಸುಮ್ಮನಾಗುವವರುಂಟು. ಗೋಣಿಯಲ್ಲಿ ಕಟ್ಟಿ ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರುವವರೂ ಉಂಟು. ಎರಡೂ ಸಲ್ಲದು. ಹಾಗೆ ಬಿಟ್ಟ ಬೆಕ್ಕು ಮದ್ದಿಲ್ಲದೆ ಸೊರಗಿ ಸಾಯುತ್ತದೆ. ಆಹಾರ, ಹೊತ್ತು, ಅಳತೆ ಈ ಮೂರನ್ನು ತಪ್ಪದೆ ನಡೆಸಿದರೆ ಅದೇ ಬೆಕ್ಕು ಇನ್ನೂ ವರ್ಷಗಟ್ಟಲೆ ಬದುಕಬಲ್ಲುದು.

ರೋಗವೇನು?

ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಎಂಬ ರಸ ಹುಟ್ಟುತ್ತದೆ. ನೆತ್ತರಿನಲ್ಲಿರುವ ಸಕ್ಕರೆಯನ್ನು ಮೈಗೆ ಹತ್ತಿಸುವುದು ಅದರ ಕೆಲಸ. ಆ ರಸ ಸಾಲದಾದಾಗ, ಅಥವಾ ಮೈ ಅದಕ್ಕೆ ಮಣಿಯದಾದಾಗ, ಸಕ್ಕರೆಯು ನೆತ್ತರಿನಲ್ಲಿ ಏರಿ ಮೂತ್ರದಲ್ಲಿ ಹೋಗತೊಡಗುತ್ತದೆ. ವಯಸ್ಸಾದ, ಕೊಬ್ಬಿದ, ಓಡಾಟ ಕಡಿಮೆಯಾದ ಬೆಕ್ಕುಗಳಿಗೆ, ಅದರಲ್ಲೂ ಬೀಜ ತೆಗೆಸಿದ ಗಂಡು ಬೆಕ್ಕುಗಳಿಗೆ ಇದು ಹೆಚ್ಚು.

ಬೆಕ್ಕು ಪದೇ ಪದೇ ನೀರು ಕುಡಿಯುವುದು, ಹೆಚ್ಚು ಮೂತ್ರ ಮಾಡುವುದು, ಚೆನ್ನಾಗಿ ತಿಂದರೂ ಬಡಕಲಾಗುವುದು ಮುಖ್ಯ ಲಕ್ಷಣಗಳು. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯುತ್ತವೆ. ಬೆದರಿದ ಬೆಕ್ಕಿನ ನೆತ್ತರಿನಲ್ಲಿ ರೋಗವಿಲ್ಲದಿದ್ದರೂ ಸಕ್ಕರೆ ಏರುವುದುಂಟು. ಆದುದರಿಂದ ವೈದ್ಯರು ಒಂದೇ ರಕ್ತಪರೀಕ್ಷೆಯನ್ನು ನಂಬದೆ ಮೂತ್ರವನ್ನೂ ಪರೀಕ್ಷಿಸುತ್ತಾರೆ. ಅದು ವೃಥಾ ಖರ್ಚೆಂದು ಭಾವಿಸಬಾರದು.

ಗಡಿನಾಡಿನ ನಮಗೆ ಹೆಸರಿನ ತೊಡಕೂ ಒಂದುಂಟು. ಮಲಯಾಳದಲ್ಲಿ ‘ಪ್ರಮೇಹಂ’ ಎಂದರೆ ಇದೇ ಸಕ್ಕರೆ ಕಾಯಿಲೆ. ಕನ್ನಡದಲ್ಲಿ ‘ಪ್ರಮೇಹ’ ಎಂದಾಗ ಹಿರಿಯರಿಗೆ ಬೇರೆಯೇ ರೋಗದ ನೆನಪಾಗುತ್ತದೆ. ಮೃಗಾಸ್ಪತ್ರೆಯಲ್ಲಿ ಈ ಮಾತು ಕೇಳಿದರೆ ಗಾಬರಿಯಾಗದಿರಿ. ಮಲಯಾಳ ಅಕ್ಷರ ಓದಲು ಬಾರದವರು ಮದ್ದಿನ ಹೆಸರು, ಯೂನಿಟ್, ಗಂಟೆ ಮೂರನ್ನೂ ಅಲ್ಲಿಯೇ ಕೇಳಿ ಕನ್ನಡದಲ್ಲಿ ಬರೆದುಕೊಳ್ಳತಕ್ಕದ್ದು.

ಅಳತೆ ತಪ್ಪಬಾರದು

1921ರಲ್ಲಿ ಕೆನಡಾದ ಟೊರೊಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ನಾಯಿಗಳ ಮೇಲೆ ಪ್ರಯೋಗ ನಡೆಸಿ ಇನ್ಸುಲಿನನ್ನು ಬೇರ್ಪಡಿಸಿದರು. ಮನುಷ್ಯರನ್ನು ಉಳಿಸಿದ ಆ ಮದ್ದೇ ಇಂದು ಬೆಕ್ಕಿಗೂ ಆಧಾರ. ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ, 12 ಗಂಟೆಗಳ ಅಂತರದಲ್ಲಿ, ಚರ್ಮದ ಕೆಳಗೆ ಚುಚ್ಚುತ್ತಾರೆ. ಬೆಕ್ಕಿಗೆ ಬೇಕಾಗುವುದು ಹೆಚ್ಚಾಗಿ ಒಂದೆರಡು ಯೂನಿಟ್ ಮಾತ್ರ. ಅಷ್ಟು ಸಣ್ಣ ಪ್ರಮಾಣದಲ್ಲಿ ಕೂದಲೆಳೆಯ ತಪ್ಪೂ ದೊಡ್ಡದು.

ನಮ್ಮ ದೇಶದ ಮದ್ದಿನಂಗಡಿಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನೂ ಉಂಟು, 100 ಯೂನಿಟ್ ಇರುವುದೂ ಉಂಟು. 40ರದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಮದ್ದನ್ನು ಕೆಂಪು ಸಿರಿಂಜಿನಲ್ಲಿ ಒಂದು ಯೂನಿಟ್ ಗೆರೆಗೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು ಎರಡೂವರೆ ಯೂನಿಟ್. ಇದು ಪ್ರಾಣಕ್ಕೇ ಅಪಾಯ. ಆದುದರಿಂದ ಬಾಟಲಿಯನ್ನೂ ಸಿರಿಂಜನ್ನೂ ಒಟ್ಟಿಗೆ ವೈದ್ಯರಿಗೆ ತೋರಿಸಿ, ಎಳೆಯುವ ಗೆರೆಯನ್ನು ಕಣ್ಣಾರೆ ಕಂಡುಕೊಂಡೇ ಮನೆಗೆ ಬರಬೇಕು. ಮನೆಯ ಹಿರಿಯರಿಗಾಗಿ ತಂದ ಮಾತ್ರೆಯನ್ನಾಗಲಿ, ಇನ್ಸುಲಿನನ್ನಾಗಲಿ ವೈದ್ಯರನ್ನು ಕೇಳದೆ ಬೆಕ್ಕಿಗೆ ಕೊಡಕೂಡದು.

ಚುಚ್ಚುವ ಕ್ರಮ ಕಷ್ಟದ್ದಲ್ಲ. ಬೆಕ್ಕು ತಿನ್ನುತ್ತಿರುವಾಗ ಪಕ್ಕೆಯ ಸಡಿಲ ಚರ್ಮವನ್ನು ಮೆಲ್ಲನೆ ಎತ್ತಿ, ಅದರ ಬುಡದಲ್ಲಿ ಸೂಜಿ ತೂರಿಸಿ ಮದ್ದು ಬಿಡಬೇಕು. ದಿನವೂ ಒಂದೇ ಜಾಗ ಬೇಡ. ಮದ್ದು ಒಳಗೆ ಹೋಯಿತೋ, ಹೊರಗೆ ಚೆಲ್ಲಿತೋ ಎಂಬ ಸಂಶಯವಿದ್ದರೆ ಮತ್ತೊಮ್ಮೆ ಚುಚ್ಚಬಾರದು. ಒಂದು ಹೊತ್ತು ತಪ್ಪಿತೆಂದು ಮುಂದಿನ ಹೊತ್ತಿಗೆ ಇಮ್ಮಡಿ ಕೊಡಬಾರದು. ಬೆಕ್ಕು ಆಹಾರ ಮುಟ್ಟದಿದ್ದರೆ ಮದ್ದು ಕೊಡುವ ಮೊದಲು ವೈದ್ಯರನ್ನು ಕೇಳಿ. ಬಳಸಿದ ಸೂಜಿಗಳನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿಡಿ. ತೋಟಕ್ಕೆ ಎಸೆದರೆ ಬರಿಗಾಲಿಗೆ ಚುಚ್ಚೀತು.

ಇನ್ಸುಲಿನ್ ಬಾಟಲಿಯನ್ನು ಫ್ರಿಜ್ಜಿನಲ್ಲಿಡಬೇಕು. ಮಂಜುಗಡ್ಡೆಯಾಗುವ ಭಾಗದಲ್ಲಿ ಅಲ್ಲ. ಮಳೆಗಾಲದಲ್ಲಿ ಒಂದು ದಿನ ಕರೆಂಟು ಹೋದರೆ ಹೆದರಬೇಕಾಗಿಲ್ಲ. ಬಾಟಲಿಯನ್ನು ಸಣ್ಣ ಡಬ್ಬಿಯಲ್ಲಿ ಮುಚ್ಚಿ, ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯಲ್ಲಿ ನೆರಳಿಗಿಟ್ಟರೆ ಸಾಕು. ಮದ್ದನ್ನು ಕುಲುಕಬಾರದು, ಕಲಸಬೇಕೆಂದು ಹೇಳಿದ್ದರೆ ಅಂಗೈಗಳ ನಡುವೆ ಮೆಲ್ಲನೆ ಹೊರಳಿಸಿದರಾಯಿತು.

ಆಹಾರ ಕ್ರಮ

ನಮ್ಮ ಕಡೆ ಬೆಕ್ಕಿಗೆ ಹಾಲು-ಅನ್ನ ಹಾಕುವುದು ರೂಢಿ. ಬೆಕ್ಕು ಹುಟ್ಟಿನಿಂದ ಮಾಂಸಾಹಾರಿ. ಅನ್ನದ ಹಿಟ್ಟಿನಂಶ ಈ ರೋಗದಲ್ಲಿ ನೆತ್ತರಿನ ಸಕ್ಕರೆಯನ್ನು ಏರಿಸುತ್ತದೆ. ಉಪ್ಪು-ಖಾರ ಹಾಕದೆ ಬೇಯಿಸಿದ ಬೂತಾಯಿ, ಬಂಗುಡೆ, ಕೋಳಿಮಾಂಸ, ಮೊಟ್ಟೆ ಒಳ್ಳೆಯದು. ದಿನವೂ ಹಸಿ ಮೀನು ಬೇಡ, ಉಪ್ಪಿನ ಒಣಮೀನು ಬೇಡ. ಈರುಳ್ಳಿ-ಬೆಳ್ಳುಳ್ಳಿ ಬೆಕ್ಕಿಗೆ ವಿಷ. ಮೀನು-ಮಾಂಸ ಒಳಗೆ ತಾರದ ಮನೆಗಳಲ್ಲಿ ಬೆಕ್ಕಿಗೆಂದೇ ಮಾಡಿದ ಹಸಿ ಪೊಟ್ಟಣದ ಆಹಾರವನ್ನು ಕೊಟ್ಟಿಗೆಯ ಬದಿಯಲ್ಲಿ ಬೇರೆ ತಟ್ಟೆಗೆ ಹಾಕಬಹುದು. ಕಾಳಿನಂತಿರುವ ಒಣ ಆಹಾರದಲ್ಲಿ ಹಿಟ್ಟು ಹೆಚ್ಚಾಗಿರುತ್ತದೆ.

ಆದರೆ ಈ ಬದಲಾವಣೆಯನ್ನು ವೈದ್ಯರಿಗೆ ತಿಳಿಸಿ ನಿಧಾನವಾಗಿ ಮಾಡತಕ್ಕದ್ದು. ಅನ್ನ ನಿಂತೊಡನೆ ಇನ್ಸುಲಿನಿನ ಅಗತ್ಯವೂ ಇಳಿಯುತ್ತದೆ. ಮೊದಲಿನಷ್ಟೇ ಚುಚ್ಚಿದರೆ ಹೆಚ್ಚಾದೀತು. ಕೊಬ್ಬಿದ ಬೆಕ್ಕನ್ನು ಉಪವಾಸವಂತೂ ಕೆಡವಬಾರದು. ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿ ಕೆಡುತ್ತದೆ. ಬೆಕ್ಕು ಎರಡೂ ಹೊತ್ತು ಮನೆಯಲ್ಲಿರುವಂತೆ ಅಭ್ಯಾಸ ಮಾಡಿಸಬೇಕು. ನೆರೆಮನೆಯವರಿಗೂ ಹೇಳಿಡಬೇಕು, ಅಲ್ಲಿ ಸಿಗುವ ಹಾಲು-ಅನ್ನ ಇಲ್ಲಿಯ ಪಥ್ಯವನ್ನು ಕೆಡಿಸುತ್ತದೆ.

ಅಪಾಯದ ಸೂಚನೆ

ಮದ್ದು ಕೊಟ್ಟ ಬಳಿಕ ಬೆಕ್ಕು ತೂರಾಡಿದರೆ, ನಡುಗಿದರೆ, ಮಂಕಾಗಿ ಕುಸಿದರೆ, ಸೆಳೆತ ಬಂದರೆ ಸಕ್ಕರೆ ಮಿತಿಮೀರಿ ಇಳಿದಿದೆಯೆಂದು ತಿಳಿಯಬೇಕು. ಕೂಡಲೇ ಜೇನು ಅಥವಾ ಸಕ್ಕರೆ ಪಾಕವನ್ನು ಒಸಡಿಗೆ ಸವರಿ ಆಸ್ಪತ್ರೆಗೆ ಒಯ್ಯಿರಿ. ಎಚ್ಚರ ತಪ್ಪಿದ ಬೆಕ್ಕಿನ ಬಾಯಿಗೆ ನೀರು, ಹಾಲು ಹೊಯ್ಯಬಾರದು; ಶ್ವಾಸಕೋಶಕ್ಕೆ ಹೋದೀತು. ವಾಂತಿ ಮಾಡಿಕೊಂಡು ಆಹಾರ ಬಿಟ್ಟು ಮೂಲೆ ಹಿಡಿದ ಬೆಕ್ಕಿನಲ್ಲಿ ಸಕ್ಕರೆ ಏರಿ ನೆತ್ತರು ಆಮ್ಲಕ್ಕೆ ತಿರುಗಿರಬಹುದು. ಅದನ್ನೂ ಮರುದಿನಕ್ಕೆ ಬಿಡುವಂತಿಲ್ಲ.

ಕುಡಿದ ನೀರು, ತಿಂದ ಆಹಾರ, ಕೊಟ್ಟ ಯೂನಿಟ್, ವಾರಕ್ಕೊಮ್ಮೆ ತೂಕ ಇವನ್ನು ಹಾಲಿನ ಲೆಕ್ಕದಂತೆ ಒಂದು ಪುಸ್ತಕದಲ್ಲಿ ಬರೆದಿಡಿ. ಮದ್ದಿನ ಪ್ರಮಾಣ ಹೆಚ್ಚು-ಕಡಿಮೆ ಮಾಡಲು ವೈದ್ಯರಿಗೆ ಅದೇ ದಾರಿ ತೋರಿಸುತ್ತದೆ. ರೋಗ ಕಂಡ ಹೊಸತರಲ್ಲಿಯೇ ಹೀಗೆ ಶಿಸ್ತಿನಿಂದ ನಡೆದರೆ ಕೆಲವು ಬೆಕ್ಕುಗಳಲ್ಲಿ ಗ್ರಂಥಿಯು ಚೇತರಿಸಿ, ಕೆಲವು ತಿಂಗಳಲ್ಲಿ ವೈದ್ಯರೇ ಸೂಜಿ ನಿಲ್ಲಿಸುವ ಸ್ಥಿತಿ ಬರುವುದುಂಟು. ಬಳಿಕವೂ ಪಥ್ಯ ಬಿಡಬಾರದು. ಎಲ್ಲಕ್ಕೂ ಆ ಭಾಗ್ಯ ಇರಲಾರದು. ಆದರೆ ತಡಮಾಡಿದಷ್ಟೂ ಆ ಅವಕಾಶ ಕಡಿಮೆಯಾಗುತ್ತದೆ. ಆದುದರಿಂದ ಈ ಲಕ್ಷಣಗಳು ಕಂಡ ವಾರದಲ್ಲಿಯೇ ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಸಮೀಪದ ಮೃಗಾಸ್ಪತ್ರೆಗೆ ಒಯ್ಯುವುದು ಲೇಸು.