ಬಿಎಸ್‌ಸಿ ಓದುವವರ ಬೇಸಿಗೆ ರಜೆ: ಆಗುಂಬೆಯಿಂದ ಕೋಸ್ಟರಿಕದವರೆಗೆ

ಮಲೆನಾಡಿನ ಮಂದಿಯ ಬಾಯಲ್ಲಿ ತಲೆತಲಾಂತರದಿಂದ ಇದ್ದ ಒಂದು ಹೆಸರು 2024ರಲ್ಲಿ ವಿಜ್ಞಾನದ ದಾಖಲೆಗೆ ಸೇರಿತು. ಪಶ್ಚಿಮಘಟ್ಟದ ಕಾಳಿಂಗ ಸರ್ಪ ಏಷ್ಯಾದ ಉಳಿದ ಕಾಳಿಂಗಗಳಿಗಿಂತ ಬೇರೆಯೇ ಪ್ರಭೇದ ಎಂದು ಉರಗತಜ್ಞ ಪಿ. ಗೌರಿಶಂಕರ್ ಮತ್ತು ಸಂಗಡಿಗರು ತೋರಿಸಿಕೊಟ್ಟರು; ಅದಕ್ಕೆ ‘ಓಫಿಯೋಫೇಗಸ್ ಕಾಳಿಂಗ’ ಎಂದೇ ಹೆಸರಿಟ್ಟರು. 1836ರಲ್ಲಿ ಮೊದಲು ವಿವರಿಸಿದ ಮೇಲೆ ಬಹುಕಾಲ ಒಂದೇ ಪ್ರಭೇದವೆಂದು ಎಣಿಸಿದ್ದ ಹಾವು ಈಗ ನಾಲ್ಕಾಗಿದೆ.

ಇಂಥ ಕೆಲಸ ಕಾಲೇಜಿನ ಲ್ಯಾಬಿನಲ್ಲಿ, ಫಾರ್ಮಲಿನ್ ತುಂಬಿದ ಬಾಟಲಿಯ ಮುಂದೆ ಕೂತು ಮಾತ್ರ ಆಗುವಂಥದ್ದಲ್ಲ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. ಕಾಳಿಂಗಗಳ ದೇಹದೊಳಗೆ ಪುಟ್ಟ ರೇಡಿಯೊ ಸಾಧನ ಇಟ್ಟು, ಕೈಯಲ್ಲಿ ಆಂಟೆನಾ ಹಿಡಿದು ಅವುಗಳ ಹಿಂದೆ ದಿನಗಟ್ಟಲೆ ನಡೆಯುವ ಅಧ್ಯಯನ ಅಲ್ಲಿ 2008ರಲ್ಲಿ ಶುರುವಾಯಿತು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಊರದು. ಕಾಲಿಗೆ ಉಂಬಳ ಹತ್ತುತ್ತದೆ, ನೋಟ್‌ಬುಕ್ ತೊಯ್ಯುತ್ತದೆ. ಇಷ್ಟಾದರೂ ಹಾವು ಯಾವ ಪೊಟರೆ ಹೊಕ್ಕಿತು, ಎಷ್ಟು ಹೊತ್ತಿಗೆ ಹೊರಬಂತು ಎಂದು ಬರೆದಿಡಲೇಬೇಕು. ಈ ಕೇಂದ್ರಕ್ಕೆ ಸ್ವಯಂಸೇವಕರಾಗಿ, ಇಂಟರ್ನ್‌ಗಳಾಗಿ ಎಳೆಯರು ಬಂದು ಹೋಗಿದ್ದಾರೆ. ಕರ್ನಾಟಕದ ಜೀವಶಾಸ್ತ್ರದ ವಿದ್ಯಾರ್ಥಿಗೆ ಕಾಲೇಜಿನಾಚೆಯ ಪಾಠ ಒಂದು ಬಸ್ ಟಿಕೆಟ್ಟಿನಷ್ಟು ದೂರದಲ್ಲೇ ಇದೆ.

ಕಾಡನ್ನೇ ತರಗತಿ ಮಾಡುವ ಈ ಪದ್ಧತಿಗೆ ದೊಡ್ಡ ಹೆಸರು ತಂದದ್ದು ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟರಿಕ. ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳೂ ಕೋಸ್ಟರಿಕ ವಿಶ್ವವಿದ್ಯಾಲಯವೂ ಸೇರಿ 1963ರಲ್ಲಿ ‘ಆರ್ಗನೈಸೇಷನ್ ಫಾರ್ ಟ್ರಾಪಿಕಲ್ ಸ್ಟಡೀಸ್’ ಎಂಬ ಸಂಸ್ಥೆ ಕಟ್ಟಿದವು. ಅದರ ಲಾ ಸೆಲ್ವಾ ಕೇಂದ್ರ ಸುಮಾರು 1,600 ಹೆಕ್ಟೇರ್ ಮಳೆಕಾಡಿನ ನಡುವೆ ಇದೆ. ಅಲ್ಲಿನ ಕೋರ್ಸ್‌ಗಳಲ್ಲಿ ಒಂದು ಸೊಗಸಾದ ರೂಢಿ ಉಂಟು. ಬೆಳಿಗ್ಗೆ ಕಾಡಿನಲ್ಲಿ ಕಂಡದ್ದರ ಬಗ್ಗೆ ಒಂದು ಪ್ರಶ್ನೆ ಎತ್ತಬೇಕು. ಈ ಇರುವೆಗಳು ಈ ಎಲೆಯನ್ನು ಕತ್ತರಿಸಿ, ಪಕ್ಕದ್ದನ್ನು ಯಾಕೆ ಬಿಟ್ಟವು? ಅಂದೇ ಲೆಕ್ಕ ಹಾಕಿ, ಅಂಕಿಅಂಶ ಕೂಡಿಸಿ, ಉತ್ತರ ಸಿಕ್ಕಿತೇ ಇಲ್ಲವೇ ಎಂದು ಉಳಿದವರ ಮುಂದೆ ಹೇಳಬೇಕು. ಉತ್ತರ ಮೊದಲೇ ಗೊತ್ತಿರುವ ಪ್ರಯೋಗವನ್ನು ರೆಕಾರ್ಡ್ ಪುಸ್ತಕಕ್ಕೆ ಇಳಿಸುವುದಕ್ಕೂ ಇದಕ್ಕೂ ಅಜಗಜಾಂತರ.

ಅಮೆರಿಕದ ಪರಿಸರ ವಿಜ್ಞಾನಿ ಡೇನಿಯಲ್ ಜಾನ್ಜೆನ್ 1963ರಲ್ಲಿ ಕೋಸ್ಟರಿಕದಲ್ಲಿ ನಡೆದ ಎಂಟು ವಾರದ ಇಂಥದೊಂದು ಕೋರ್ಸ್‌ಗೆ ವಿದ್ಯಾರ್ಥಿಯಾಗಿ ಹೋಗಿದ್ದರು. ಎರಡೇ ವರ್ಷಕ್ಕೆ ಪಾಠ ಹೇಳಲು ಅಲ್ಲಿಗೇ ಮರಳಿದರು. ಮುಂದೆ ಬದುಕಿನ ಬಹುಪಾಲನ್ನು ಆ ದೇಶದ ಗ್ವಾನಕಾಸ್ಟೆ ಕಾಡಿಗೆ ಕೊಟ್ಟರು, ದನ ಮೇಯುವ ಬಯಲುಗಳಲ್ಲಿ ಮತ್ತೆ ಕಾಡು ಬೆಳೆಸುವ ಕೆಲಸಕ್ಕೆ ನಿಂತರು.

ಇದೇ ಕೋಸ್ಟರಿಕದ ದಾರಿ ನಮ್ಮ ಬಿಳಿಗಿರಿರಂಗನ ಬೆಟ್ಟಕ್ಕೂ ಬಂದು ಸೇರುತ್ತದೆ. ಪಂಜಾಬಿನಲ್ಲಿ ಹುಟ್ಟಿ ಓದಿದ ಕಮಲಜಿತ್ ಬಾವಾ ಕೋಸ್ಟರಿಕದ ಮರಗಳ ಪರಾಗಸ್ಪರ್ಶವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಉಷ್ಣವಲಯದ ಕಾಡಿನಲ್ಲಿ ಒಂದೇ ಜಾತಿಯ ಮರಗಳು ದೂರದೂರ ಇರುತ್ತವಲ್ಲ, ಹಾಗಾಗಿ ಅವು ತಮ್ಮದೇ ಪರಾಗದಿಂದ ಕಾಯಿ ಕಟ್ಟುತ್ತವೆ ಎಂಬ ಎಣಿಕೆ ಆಗ ಇತ್ತು. ಬಹಳಷ್ಟು ಮರಗಳಿಗೆ ಬೇರೆ ಮರದ ಪರಾಗವೇ ಬೇಕು, ಅದನ್ನು ಹೊತ್ತು ತರುವ ಜೀವಿಗಳೂ ಬೇಕು ಎಂದು ಬಾವಾ ತೋರಿಸಿದರು. ಅಂದರೆ ಕಾಡನ್ನು ತುಂಡು ಮಾಡಿದರೆ, ಕಡಿಯದೆ ಬಿಟ್ಟ ಮರಕ್ಕೂ ಪೆಟ್ಟು ಬೀಳಬಹುದು. ಅವರು 1996ರಲ್ಲಿ ಬೆಂಗಳೂರಿನಲ್ಲಿ ‘ಏಟ್ರೀ’ ಎಂಬ ಪರಿಸರ ಸಂಶೋಧನಾ ಸಂಸ್ಥೆ ಸ್ಥಾಪಿಸಿದರು. ಬಿಳಿಗಿರಿಯ ಸೋಲಿಗರ ಜೊತೆ ಆ ಸಂಸ್ಥೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದೆ.

ಕಾಡು ಎಲ್ಲರಿಗೂ ಒಗ್ಗಬೇಕೆಂದಿಲ್ಲ. ಜೀವಕೋಶ, ಡಿಎನ್‌ಎ ಎಂದರೆ ಕಿವಿ ನಿಮಿರಿಸುವವರಿಗೆ ಬೇರೆ ಬಾಗಿಲುಗಳಿವೆ. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ದೇಶದ ಇನ್ನೆರಡು ಅಕಾಡೆಮಿಗಳ ಜೊತೆಗೂಡಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ಆಯ್ಕೆಯಾದವರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾರೆ, ಖರ್ಚಿಗೆ ಭತ್ಯೆಯೂ ಸಿಗುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಬೇಸಿಗೆ ಫೆಲೋಶಿಪ್ ಇದೆ. ಪದವಿಯ ಮೇಲೆ ವನ್ಯಜೀವಿಗಳನ್ನೇ ಓದಬೇಕು ಎನ್ನುವವರಿಗೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) 2004ರಿಂದ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಇದೆ.

ಕಡಲಾಚೆಗೆ ಹೋಗುವುದು ಉಳ್ಳವರ ಮಕ್ಕಳಿಗಷ್ಟೇ ಎಂಬ ಮಾತು ತಾಲ್ಲೂಕು ಕಾಲೇಜುಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ ಜೀವರಸಾಯನ ವಿಜ್ಞಾನಿ ಹರಗೋಬಿಂದ ಖೊರಾನಾ ಹುಟ್ಟಿದ್ದು ಅಂದಿನ ಪಂಜಾಬಿನ, ನೂರು ಜನರಷ್ಟೇ ಇದ್ದ ಹಳ್ಳಿಯಲ್ಲಿ. ಅಲ್ಲಿ ಓದುಬರಹ ಬಲ್ಲ ಮನೆ ಹೆಚ್ಚುಕಡಿಮೆ ಅವರದೊಂದೇ. ಸರ್ಕಾರದ ಫೆಲೋಶಿಪ್ ಸಿಕ್ಕಿದ್ದರಿಂದ 1945ರಲ್ಲಿ ಲಿವರ್‌ಪೂಲಿಗೆ ಹೋದರು. 1968ರಲ್ಲಿ ನೊಬೆಲ್ ಬಂತು. ವಿಸ್ಕಾನ್ಸಿನ್‌ನಲ್ಲಿ ಅವರು ದುಡಿದ ವಿಶ್ವವಿದ್ಯಾಲಯ 2007ರಲ್ಲಿ, ಭಾರತದ ವಿದ್ಯಾರ್ಥಿಗಳನ್ನು ಅಲ್ಲಿನ ಪ್ರಯೋಗಾಲಯಗಳಿಗೆ ಕರೆಸಿಕೊಳ್ಳುವ ಕಾರ್ಯಕ್ರಮವನ್ನು ಅವರದೇ ಹೆಸರಿನಲ್ಲಿ ಆರಂಭಿಸಿತು.

ಇಂಥ ದಾರಿಗಳು ಇನ್ನೂ ಇವೆ. ಜಪಾನಿನ ಓಕಿನಾವಾ ವಿಜ್ಞಾನ ತಂತ್ರಜ್ಞಾನ ಸಂಸ್ಥೆ ವಿದೇಶಿ ವಿದ್ಯಾರ್ಥಿಗಳನ್ನು ಇಂಟರ್ನ್‌ಗಳಾಗಿ ತೆಗೆದುಕೊಳ್ಳುತ್ತದೆ. ವಿಯೆನ್ನಾ ಬಯೋಸೆಂಟರಿನ ಬೇಸಿಗೆ ಶಾಲೆಗೆ ಯಾವ ದೇಶದವರೂ ಅರ್ಜಿ ಹಾಕಬಹುದು. ಕೆನಡಾದ ಮೈಟ್ಯಾಕ್ಸ್ ಗ್ಲೋಬಲಿಂಕ್ ಹನ್ನೆರಡು ವಾರದ್ದು, ಅದು ಭಾರತೀಯರಿಗೂ ತೆರೆದಿದೆ. ಪೈಪೋಟಿ ಎಲ್ಲ ಕಡೆಯೂ ಬಿರುಸು. ‘ವನ್ಯಜೀವಿ ಸ್ವಯಂಸೇವೆ’ ಎಂದು ಹೇಳಿ ವಿದ್ಯಾರ್ಥಿಯಿಂದಲೇ ದೊಡ್ಡ ಮೊತ್ತ ಕೇಳುವ ಪ್ರವಾಸಗಳೂ ಇವೆ. ಅಲ್ಲಿ ಕಲಿಸುವವರು ಯಾರು, ಕೊನೆಗೆ ವಿದ್ಯಾರ್ಥಿ ಮಾಡಿದ ಕೆಲಸ ಯಾವುದು ಎಂದು ಕೇಳಿ ತಿಳಿಯದೆ ಹಣ ಕಟ್ಟಬಾರದು. ಬಡ್ಡಿಗೆ ಸಾಲ ಮಾಡಿ ಹೋಗುವಷ್ಟು ಅವುಗಳಲ್ಲಿ ಏನೂ ಇರುವುದಿಲ್ಲ.

ಅವಕಾಶ ಕೈತಪ್ಪುವುದು ಬಹಳ ಸಲ ಅಂಕ ಕಡಿಮೆಯಾಗಿ ಅಲ್ಲ, ತಡವಾಗಿ. ಮೇ ತಿಂಗಳ ಕೆಲಸಕ್ಕೆ ಅರ್ಜಿ ಹಿಂದಿನ ದೀಪಾವಳಿಯ ಆಸುಪಾಸಿನಲ್ಲೇ ಶುರುವಾಗುತ್ತದೆ. ಪರೀಕ್ಷೆ ಮುಗಿಸಿ ಹುಡುಕಲು ಕೂತರೆ ಎಲ್ಲ ಮುಗಿದಿರುತ್ತದೆ. ವಿದೇಶದ ಆಸೆ ಇದ್ದವರು ಮೊದಲ ವರ್ಷದಲ್ಲೇ ಪಾಸ್‌ಪೋರ್ಟ್ ಮಾಡಿಸಿಟ್ಟುಕೊಳ್ಳುವುದು ಮೇಲು. ಸಂರಕ್ಷಿತ ಕಾಡಿನಲ್ಲಿ ಅಧ್ಯಯನಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಇಲ್ಲಿನ ಮಾದರಿಗಳನ್ನು ಮನಬಂದಂತೆ ಹೊರದೇಶಕ್ಕೆ ಒಯ್ಯಲು 2002ರ ಜೀವವೈವಿಧ್ಯ ಕಾಯ್ದೆ ಬಿಡುವುದಿಲ್ಲ.

ಅರ್ಜಿಯಲ್ಲಿ ‘ನನಗೆ ಜೀವಶಾಸ್ತ್ರವೆಂದರೆ ಪ್ರಾಣ’ ಎಂದು ಬರೆಯುವವರು ನೂರಾರು ಮಂದಿ. ತಾನೇ ಕಂಡದ್ದೊಂದನ್ನು ಬರೆದವರ ಅರ್ಜಿ ಎದ್ದು ಕಾಣುತ್ತದೆ. ಅದಕ್ಕೆ ದೂರ ಹೋಗಬೇಕಾಗಿಲ್ಲ. ರಾಘವೇಂದ್ರ ಗದಗಕರ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಅಲ್ಲಿನ ಕಿಟಕಿಗಳಲ್ಲಿ ಕಣಜಗಳು ಗೂಡು ಕಟ್ಟುವುದನ್ನು ನೋಡಿದ್ದರು. ಮುಂದೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಅವರು ಅಭ್ಯಾಸ ಮಾಡಿದ್ದು ಅದೇ ಕಣಜಗಳನ್ನು.

ಇನ್ನು ಶಿಫಾರಸು ಪತ್ರ. ಅದನ್ನು ಬರೆಯಬೇಕಾದವರು ಮೇಷ್ಟ್ರು, ಮೇಡಂ. ಎಷ್ಟೋ ಕಾಲೇಜುಗಳಲ್ಲಿ ಅವರಿಗೇ ಈ ಕಾರ್ಯಕ್ರಮಗಳ ಸುಳಿವು ಇರುವುದಿಲ್ಲ. ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಪಾಠ ಹೇಳುವವರಿಗೂ ಇದೆ. ಒಬ್ಬ ಅಧ್ಯಾಪಕಿ ಒಂದು ಬೇಸಿಗೆಯನ್ನು ಪ್ರಯೋಗಾಲಯದಲ್ಲಿ ಕಳೆದು ಬಂದರೆ, ಮರುವರ್ಷ ಅವರ ತರಗತಿಯಿಂದ ಎಷ್ಟು ಅರ್ಜಿ ಬೇಕಾದರೂ ಹೋಗಬಹುದು.